ಐದು ಮಂಗಗಳ ಪ್ರಯೋಗ ನಿಜವಾಗಿಯೂ ನಡೆದಿತ್ತೇ?

ಒಂದು ಪಂಜರದಲ್ಲಿ ಐದು ಮಂಗಗಳು, ನಡುವೆ ಏಣಿ, ಅದರ ತುದಿಯಲ್ಲಿ ಬಾಳೆಹಣ್ಣು. ಒಂದು ಮಂಗ ಏಣಿ ಹತ್ತಿದ ಕೂಡಲೇ ಉಳಿದವುಗಳ ಮೇಲೆ ತಣ್ಣೀರು ಸುರಿಯುತ್ತಾರೆ. ಕ್ರಮೇಣ ಯಾವ ಮಂಗ ಹತ್ತಲು ಹೋದರೂ ಉಳಿದವು ಹಿಡಿದು ಬಡಿಯುತ್ತವೆ. ನಂತರ ಒಂದೊಂದಾಗಿ ಹಳೆಯ ಮಂಗವನ್ನು ತೆಗೆದು ಹೊಸದನ್ನು ಬಿಡುತ್ತಾರೆ. ಕೊನೆಗೆ ತಣ್ಣೀರನ್ನೇ ಕಾಣದ ಮಂಗಗಳೂ, ಏಕೆಂದು ತಿಳಿಯದೆ, ಏಣಿ ಹತ್ತುವ ಮಂಗವನ್ನು ಬಡಿಯುತ್ತವೆ. "ನಮ್ಮ ಪದ್ಧತಿಗಳೂ ಹೀಗೇ" ಎಂಬ ನೀತಿಯೊಂದಿಗೆ ಮುಗಿಯುವ ಈ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಪ್ರಯೋಗ ನಡೆದಿತ್ತೇ?

ಸಂದೇಶ ಹೇಳುವ ರೀತಿಯಲ್ಲಿ ಇಲ್ಲ. ಇದಕ್ಕೆ ಹತ್ತಿರವಾದದ್ದು ಜಿ.ಆರ್. ಸ್ಟೀಫನ್‌ಸನ್ 1967ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಏಣಿಯೂ ಇಲ್ಲ, ಬಾಳೆಹಣ್ಣೂ ಇಲ್ಲ, ತಣ್ಣೀರೂ ಇಲ್ಲ. ಒಂದು ವಸ್ತುವನ್ನು ಮುಟ್ಟಿದರೆ ರಭಸದ ಗಾಳಿ ಬಡಿಯುತ್ತದೆಂದು ಕಲಿತ ಮಂಗವನ್ನು, ಅದು ಗೊತ್ತಿಲ್ಲದ ಇನ್ನೊಂದು ಮಂಗದ ಜೊತೆ ಬಿಡಲಾಗಿತ್ತು. ಒಂದು ಗಂಡು ಮಂಗ ತನ್ನ ಜೊತೆಗಾರನನ್ನು ಆ ವಸ್ತುವಿನಿಂದ ದೂರ ಎಳೆಯಿತು. ಬಡಿದಾಟದ ಕಥೆ ಆಮೇಲೆ ಬೆಳೆದದ್ದು. 1994ರಲ್ಲಿ ಗ್ಯಾರಿ ಹ್ಯಾಮೆಲ್ ಮತ್ತು ಸಿ.ಕೆ. ಪ್ರಹ್ಲಾದ್ ಅವರ ನಿರ್ವಹಣಾಶಾಸ್ತ್ರದ ಪುಸ್ತಕದಲ್ಲಿ ನಾಲ್ಕು ಮಂಗಗಳ ಇಂಥದೇ ಕಥೆ ಬಂತು.

ಏಕೆಂದು ಕೇಳದೆ ಹಿಂಬಾಲಿಸಬೇಡಿ ಎನ್ನುವ ಕಥೆಯನ್ನೇ ನಾವು ಏಕೆಂದು ಕೇಳದೆ ಹಂಚುತ್ತಿದ್ದೇವೆ!

ಮನುಷ್ಯರ ಮೇಲೆ ನಡೆದ ಪ್ರಯೋಗ

'ಗುಂಪಿನಲ್ಲಿ ಗೋವಿಂದ' ಎಂಬ ನಮ್ಮ ಮಾತನ್ನು ಪರೀಕ್ಷಿಸಲು ಮಂಗಗಳು ಬೇಕಿಲ್ಲ. 1950ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ ವಿದ್ಯಾರ್ಥಿಗಳಿಗೆ ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದವಿದೆ ಎಂದು ಕೇಳಿದರು. ಉತ್ತರ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಆಶ್ ಅವರು ಮೊದಲೇ ಗೊತ್ತುಪಡಿಸಿದವರು. ಅವರು ಬೇಕೆಂದೇ ತಪ್ಪು ಉತ್ತರ ಹೇಳಿದಾಗ, ನಿಜವಾಗಿ ಪರೀಕ್ಷೆಗೆ ಒಳಗಾದವರು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಲ ಅದೇ ತಪ್ಪನ್ನು ಹೇಳಿದರು. ಒಬ್ಬರೇ ಇದ್ದಾಗ ಇಂಥ ತಪ್ಪು ಶೇ. 1ಕ್ಕಿಂತ ಕಡಿಮೆ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಎರಡು ಅಂಶಗಳು ಇಲ್ಲಿವೆ. ಸುಮಾರು ಕಾಲು ಭಾಗ ಜನ ಒಮ್ಮೆಯೂ ಗುಂಪಿಗೆ ಮಣಿಯಲಿಲ್ಲ. ಮತ್ತು ಗುಂಪಿನಲ್ಲಿ ಇನ್ನೊಬ್ಬ ವ್ಯಕ್ತಿ ಸರಿಯಾದ ಉತ್ತರ ಹೇಳಿದರೆ ಸಾಕು, ತಪ್ಪುಗಳು ಕಾಲು ಭಾಗದಷ್ಟಕ್ಕೆ ಇಳಿದವು.

ಇದು ನಮಗೇಕೆ ಮುಖ್ಯ?

2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ನಂಬಿದ ಗುಂಪೊಂದು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು.

ಗ್ರೂಪಿನಲ್ಲಿ ಸುಳ್ಳು ಸಂದೇಶ ಬಂದಾಗ "ಹಿರಿಯರಿಗೆ ಹೇಗೆ ಹೇಳುವುದು" ಎಂದು ಸುಮ್ಮನಾಗುವವರಲ್ಲಿ ನಾವೂ ಇದ್ದೇವೆ. ಆದರೆ "ಇದು ಎಲ್ಲಿಂದ ಬಂತು, ನೋಡಿದಿರಾ?" ಎಂದು ಒಬ್ಬರು ಮೆಲ್ಲಗೆ ಕೇಳಿದರೂ, ಅದೇ ಅನುಮಾನ ಇಟ್ಟುಕೊಂಡು ಸುಮ್ಮನಿದ್ದ ಇನ್ನೊಬ್ಬರಿಗೆ ಬಾಯಿ ಬಿಡಲು ಧೈರ್ಯ ಬರುತ್ತದೆ. ಮುಂದಿನ ಸಲ ಐದು ಮಂಗಗಳು ನಿಮ್ಮ ಗ್ರೂಪಿಗೆ ಬಂದಾಗ ಅಲ್ಲಿಂದಲೇ ಶುರು ಮಾಡಬಹುದು.