ಕಿಲಿಮಂಜಾರೋನ ‘ಗೆದ್ದವರು’ ಯಾರು?

1/6
ರೀಲ್ಸ್‌ನಲ್ಲಿ ನೋಡೇ ಇರ್ತೀರಿ: ಶಿಖರದ ಬೋರ್ಡು, ಕೈಯಲ್ಲಿ ಬಾವುಟ, ಕೆಳಗೆ ‘ಕಿಲಿಮಂಜಾರೋ ಗೆದ್ದೆ!’. ಲೈಕ್ ಒತ್ತಿ, ತಪ್ಪೇನಿಲ್ಲ. ನನ್ನ ತಕರಾರು ‘ಗೆದ್ದೆ’ ಅನ್ನೋ ಪದದ ಮೇಲೆ. ಬೆಟ್ಟ ಯಾರ ಜೊತೆಗೂ ಯುದ್ಧಕ್ಕೆ ನಿಂತಿರಲಿಲ್ಲ. ಆದ್ರೆ ಈ ಒಂದು ಪದ ಬಂದ ಕೂಡ್ಲೇ ಫೋಟೋದ ಆಚೆ ನಿಂತವರು ಮಾಯ ಆಗ್ತಾರೆ. ಈ ಚಾಳಿ ಇವತ್ತಿನದಲ್ಲ.

2/6
ಟಾಂಜಾನಿಯಾದ ಈ ಬೆಟ್ಟ 5,895 ಮೀಟರ್, ಆಫ್ರಿಕಾಕ್ಕೇ ಎತ್ತರ. ಶಿರಾ, ಮಾವೆಂಜಿ, ಕಿಬೊ ಅಂತ ಮೂರು ಜ್ವಾಲಾಮುಖಿ ಸೇರಿ ಆದದ್ದು. ಮೊದಲೆರಡು ಆರಿಹೋಗಿವೆ, ಕಿಬೊ ಮಲಗಿದೆ ಅಷ್ಟೇ. ತಪ್ಪಲಲ್ಲಿ ಬಾಳೆ ಬೆಳೆದು ಬದುಕಿದವರು ಚಾಗ್ಗಾ ಜನ. 1848ರಲ್ಲಿ ಜರ್ಮನ್ ಮಿಷನರಿ ರೆಬ್‌ಮನ್ ಅಲ್ಲಿ ಹಿಮ ಕಂಡೆ ಅಂದಾಗ, ಲಂಡನ್ನಿನ ಭೂಗೋಳ ಪಂಡಿತ ಕೂಲಿ ನಂಬಲೇ ಇಲ್ಲ. ಭೂಮಧ್ಯರೇಖೆ ಹತ್ತಿರ ಹಿಮವೇ? ಆ ಬಿಳುಪನ್ನ ದಿನಾ ನೋಡ್ತಿದ್ದವರು ಅಲ್ಲೇ ಇದ್ರು!

3/6
1889ರ ಅಕ್ಟೋಬರ್. ಹಾನ್ಸ್ ಮೇಯರ್, ಲುಡ್ವಿಗ್ ಪುರ್ಟ್‌ಶೆಲ್ಲರ್ ತುದಿ ಮುಟ್ಟಿದರು. ದಾಖಲೆಯಲ್ಲಿರೋ ಮೊದಲ ಆರೋಹಣ ಇದೇ. ಮೇಯರ್ ಹಿಂದೆ ಪ್ರಯತ್ನಿಸಿ ವಾಪಸ್ ಬಂದಿದ್ದ. ಈ ಸಲ ದಾರಿಯುದ್ದಕ್ಕೂ ಕ್ಯಾಂಪ್ ಹಾಕಿಸಿ, ಕೆಳಗಿನಿಂದ ಊಟ ತರಿಸಿಕೊಂಡ. ಹಾಗಾಗಿ ಮೊದಲ ಯತ್ನ ಕೈಕೊಟ್ಟರೂ ಮತ್ತೆ ಹತ್ತೋಕೆ ಆಯ್ತು. ಹೊತ್ತವರು ಆಫ್ರಿಕದ ಹಮಾಲರು. ಮೇಲಿನ ಕ್ಯಾಂಪಿನ ಚಳಿಯಲ್ಲಿ ಉಳಿದು ಅಡುಗೆ ಮಾಡಿದವನ ಹೆಸರು ಮ್ವಿನಿ ಅಮಾನಿ. ಶಿಖರಕ್ಕೆ ಇಟ್ಟ ಹೆಸರು? ಕೈಸರ್ ವಿಲ್ಹೆಲ್ಮ್, ಅಂದ್ರೆ ಜರ್ಮನ್ ಚಕ್ರವರ್ತಿ. ಬೆಟ್ಟದ ಬುಡಕ್ಕೂ ಬರದವನು!

4/6
1961ರ ಡಿಸೆಂಬರ್‌ನಲ್ಲಿ ಆಗಿನ ಟಾಂಗಾನಿಕಾ ಸ್ವತಂತ್ರವಾಯ್ತು. ಅಲೆಕ್ಸಾಂಡರ್ ನಿರೆಂಡಾ ಶಿಖರದಲ್ಲಿ ದೀವಟಿಗೆ ಹಚ್ಚಿದರು. ಶಿಖರ ‘ಉಹುರು’ ಆಯ್ತು. ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ ಅಂತ ಅರ್ಥ. ಚಕ್ರವರ್ತಿಯ ಹೆಸರು ಇಳೀತು. ಹಮಾಲರ ಬೆನ್ನಿನ ಹೊರೆ ಇಳೀಲಿಲ್ಲ.

5/6
ಇವತ್ತು ಲೈಸೆನ್ಸ್ ಇರೋ ಗೈಡ್ ಇಲ್ಲದೆ ಯಾರೂ ಹತ್ತೋ ಹಾಗಿಲ್ಲ. ಟೆಂಟು, ಗ್ಯಾಸು, ಅಕ್ಕಿ, ಕುರ್ಚಿ, ಕೆಲವು ತಂಡಗಳಿಗೆ ಟಾಯ್ಲೆಟ್ ಕೂಡ ಪೋರ್ಟರ್‌ಗಳ ತಲೆ ಮೇಲೆ. ಮಿತಿ 20 ಕೆಜಿ, ಅವರ ಸ್ವಂತ ಸಾಮಾನು ಬೇರೆ. ನೀವು ಕ್ಯಾಂಪ್ ತಲುಪೋ ಮೊದಲೇ ನಿಮ್ಮ ಟೆಂಟು ಎದ್ದಿರುತ್ತೆ.

‘ದುಡ್ಡು ಕೊಡ್ತೀವಲ್ಲ’ ಅಂತೀರಾ? ಸರಿ, ನಾವು ಬಿಕಾಂನವರು, ಲೆಕ್ಕಾನೇ ನೋಡೋಣ. ಪಾರ್ಕಿನ ಶುಲ್ಕದಲ್ಲಿ ಚೌಕಾಸಿ ನಡೆಯಲ್ಲ. ಹಾಗಿದ್ರೆ ‘ಅಗ್ಗದ ಪ್ಯಾಕೇಜ್’ ಎಲ್ಲಿಂದ ಅಗ್ಗ ಆಗುತ್ತೆ? ಬಹುತೇಕ ಪೋರ್ಟರ್‌ನ ಕೂಲಿ, ಊಟ, ಮಲಗೋ ಜಾಗದಿಂದ. ನಮಗೆ ಸಿಕ್ಕ ಡಿಸ್ಕೌಂಟ್ ಇನ್ನೊಬ್ಬರ ಹೊಟ್ಟೆಯಿಂದ ಬಂದಿದ್ರೆ ಅದು ಉಳಿತಾಯ ಅಲ್ಲ.

6/6
ಹತ್ತೋರ ಕಷ್ಟ ಸುಳ್ಳಲ್ಲ. ತುದಿಯಲ್ಲಿ ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಹಾಗಾದ್ರೆ ಅದೇ ಗಾಳಿಯಲ್ಲಿ ಹೊರೆ ಹೊತ್ತು ನಿಮಗಿಂತ ಮುಂದೆ ನಡೆದವರನ್ನ ಏನಂತ ಕರೀತೀರಿ?

ಯಾವತ್ತಾದ್ರೂ ಹೋದ್ರೆ ಬುಕ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ: ಪೋರ್ಟರ್‌ಗೆ ದಿನಕ್ಕೆ ಎಷ್ಟು ಕೊಡ್ತೀರಿ? ಎಷ್ಟು ಹೊತ್ತು ಊಟ? ಹೊರೆ ತೂಕ ಹಾಕ್ತೀರಾ? ಮಾತು ಹಾರಿಸಿದ್ರೆ ಬೇರೆ ಕಂಪನಿ ನೋಡಿ. ಹೋಗದವರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ‘ಗೆದ್ದೆ’ ಅನ್ನೋ ಪೋಸ್ಟ್ ಕಂಡ್ರೆ ಪ್ರೀತಿಯಿಂದಲೇ ಕೇಳಿ: ನಿಮ್ಮ ಬ್ಯಾಗ್ ಹೊತ್ತವರ ಹೆಸರೇನು?