ಮಾಲು ಮಾರುವ ಮೊದಲೇ ದಲಾಲಿ

ಬೈಲಹೊಂಗಲದ ಮಾರುಕಟ್ಟೆಗೆ ಹತ್ತಿ ತಂದ ರೈತನಿಗೆ ಅಡತಿ ಅಂಗಡಿಯವನು, 'ನಿಮ್ಮ ಹತ್ತಿಗೆ ಭಾರೀ ರೇಟು ಬರ್ತೈತ್ರಿ, ಮೊದಲ ನನ್ನ ದಲಾಲಿ ಇಡ್ರಿ' ಎಂದರೆ ಏನಾಗುತ್ತದೆ? ರೈತ ಚೀಲಗಳನ್ನು ತಿರುಗಿ ಗಾಡಿಗೆ ಹೇರುತ್ತಾನೆ. ದಲಾಲಿ ಏನಿದ್ದರೂ ಮಾಲು ಮಾರಿದ ಮೇಲಿನ ಮಾತು. ಅದೇ ಮನೆಯ ಮಗಳು ಮಾಡೆಲ್ ಆಗುತ್ತೇನೆ ಎಂದಾಗ ಮಾತ್ರ ನಾವು ಈ ವ್ಯವಹಾರಜ್ಞಾನವನ್ನೆಲ್ಲ ಮರೆತು, ಅಸಲಿ ಏಜೆನ್ಸಿ ಯಾವುದು ನಕಲಿ ಯಾವುದು ಎಂದು ಹೇಗೆ ತಿಳಿಯಬೇಕು ಎಂದು ಕೈಚೆಲ್ಲುತ್ತೇವೆ.

ಮಾಡೆಲಿಂಗ್ ಏಜೆನ್ಸಿಯೂ ಅಡತಿ ಅಂಗಡಿಯೇ. ಸೀರೆ ಕಂಪನಿಯೋ ಚಿನ್ನದ ಅಂಗಡಿಯೋ ಮಾಡೆಲ್‌ಗೆ ಕೊಡುವ ಸಂಭಾವನೆಯಲ್ಲಿ ಒಂದು ಪಾಲು ಅದರ ಗಳಿಕೆ. ಹುಡುಗಿಗೆ ಕೆಲಸ ಸಿಗದಿದ್ದರೆ ಅದಕ್ಕೂ ರೊಕ್ಕವಿಲ್ಲ. ಹಾಗಾಗಿ ಅದು ಬಂದವರಲ್ಲಿ ಹೆಚ್ಚಿನವರಿಗೆ ಬೇಡ ಎನ್ನುತ್ತದೆ. ಮೊದಲ ನೋಟಕ್ಕೆ ಅದಕ್ಕೆ ಬೇಕಿರುವುದು ಮೇಕಪ್ಪಿಲ್ಲದೆ, ಖಾಲಿ ಗೋಡೆಯ ಮುಂದೆ ಮೊಬೈಲಿನಲ್ಲೇ ತೆಗೆದ ನಾಲ್ಕು ಫೋಟೋ ಮತ್ತು ಮೈಯಳತೆ. ಇನ್ನೊಂದು ಬಗೆಯ ಅಂಗಡಿಗೆ ಗಿರಾಕಿ ಸೀರೆ ಕಂಪನಿಯಲ್ಲ, ಆ ಹುಡುಗಿಯೇ. ನೋಂದಣಿ, ಪೋರ್ಟ್‌ಫೋಲಿಯೊ, ಗ್ರೂಮಿಂಗ್, ಕಿರೀಟ, ಪ್ರಮಾಣಪತ್ರ ಎಲ್ಲವೂ ಅವಳಿಗೆ ಮಾರುವ ಸರಕು. ಗಿರಾಕಿಗೆ ಯಾರು ಬೇಡ ಎನ್ನುತ್ತಾರೆ? (ನಡಿಗೆ ಕಲಿಸುತ್ತೇವೆ, ಫೀ ಇಷ್ಟು ಎಂದು ನೇರವಾಗಿ ಹೇಳುವ ತರಬೇತಿ ಶಾಲೆಯ ಬಗ್ಗೆ ನನ್ನ ತಕರಾರಿಲ್ಲ. ಕೆಲಸದ ಆಸೆ ಹಚ್ಚಿ ಫೀ ವಸೂಲಿ ಮಾಡುವುದರ ಬಗ್ಗೆ ಇದೆ.)

ನನ್ನ ಚಿಕ್ಕಮ್ಮನ ಮಗಳನ್ನು ಹುಬ್ಬಳ್ಳಿಯ ಹೋಟೆಲೊಂದರ ಸಭಾಂಗಣಕ್ಕೆ ಆಡಿಷನ್‌ಗೆ ಕರೆದಿದ್ದರು. ಐದು ನಿಮಿಷ ನಡೆಸಿ ನೋಡಿದರು, ಸಂಜೆಯೊಳಗೆ ಸೆಲೆಕ್ಟ್. ಜೊತೆಗೆ ಹೋದ ಗೆಳತಿಯೂ ಸೆಲೆಕ್ಟ್. ಬಾಗಿಲಲ್ಲಿ ಹೆಸರು, ನಂಬರು ಬರೆಸಿ ಹೊರಗೆ ಕುರ್ಚಿಯಲ್ಲಿ ಕೂತಿದ್ದ ಅವಳ ಅಣ್ಣನೂ ಸೆಲೆಕ್ಟ್! ನೋಂದಣಿಗೆ ₹2,000, ಪೋರ್ಟ್‌ಫೋಲಿಯೊಗೆ ₹18,000. ಫೋಟೋಗಳೇನೋ ಬಂದವು, ಕೆಲಸ ಬರಲಿಲ್ಲ. ಚಾಲಾಕಿತನ ಇರುವುದು ಇಲ್ಲಿಯೇ: ಕೆಲಸದ ಭರವಸೆಯೆಲ್ಲ ಬಾಯಲ್ಲಿ, ರಸೀದಿಯಲ್ಲಿರುವುದು 'ಫೋಟೋಗ್ರಫಿ ಶುಲ್ಕ' ಮಾತ್ರ. ಫೋಟೋ ಕೊಟ್ಟಿದ್ದೇವಲ್ಲ, ಮೋಸ ಎಲ್ಲಿ ಎಂದು ಅವರು ಕೇಳಬಹುದು, ಕೇಳಿದರು ಕೂಡ.

ರಿಜಿಸ್ಟ್ರೇಷನ್ ಇದೆಯೇ ನೋಡಿ, ವೆಬ್‌ಸೈಟ್ ನೋಡಿ ಎಂಬ ಬುದ್ಧಿಮಾತು ನನಗೆ ಸಿಟ್ಟು ತರಿಸುತ್ತದೆ. ನಮ್ಮಲ್ಲಿ ಮಾಡೆಲಿಂಗ್ ಏಜೆನ್ಸಿಗೆಂದೇ ಪ್ರತ್ಯೇಕ ಪರವಾನಗಿ ಇಲ್ಲ. ಗೋಡೆಗೆ ತೂಗುಹಾಕಿದ 'ಉದ್ಯಮ್' ಪ್ರಮಾಣಪತ್ರವನ್ನು ಆನ್‌ಲೈನಿನಲ್ಲಿ, ಪುಕ್ಕಟೆಯಾಗಿ, ಸ್ವಯಂಘೋಷಣೆಯ ಮೇಲೆ ಪಡೆಯಬಹುದು. ಒಂದು ಉದ್ಯಮ ಇದೆ ಎನ್ನುವುದಷ್ಟೇ ಅದರ ಅರ್ಥ. ಇನ್‌ಸ್ಟಾಗ್ರಾಂನ ನೀಲಿ ಟಿಕ್ 2023ರಿಂದ ತಿಂಗಳ ಬಾಡಿಗೆಗೆ ಸಿಗುತ್ತದೆ. ಸಂಶೋಧನಾ ವಿದ್ಯಾರ್ಥಿಗಳಾದ ನಮಗೆ ಈ ಆಟ ಹೊಸದಲ್ಲ. ಶುಲ್ಕ ಕಟ್ಟಿದರೆ ಎರಡೇ ದಿನದಲ್ಲಿ ಲೇಖನ ಪ್ರಕಟಿಸುವ 'ಅಂತರರಾಷ್ಟ್ರೀಯ' ಪತ್ರಿಕೆಗಳ ಮೇಲ್ ನಮಗೆ ಬರುತ್ತಲೇ ಇರುತ್ತವೆ. ಯುಜಿಸಿ 2019ರಲ್ಲಿ ಒಳ್ಳೆಯ ಪತ್ರಿಕೆಗಳ ಪಟ್ಟಿ ಮಾಡಿತು, ಪಟ್ಟಿಯಲ್ಲಿದ್ದ ಪತ್ರಿಕೆಗಳದೇ ಹೆಸರಿನ ನಕಲಿ ಜಾಲತಾಣಗಳು ಹುಟ್ಟಿದವು, 2025ರಲ್ಲಿ ಯುಜಿಸಿ ಪಟ್ಟಿಯನ್ನೇ ಕೈಬಿಟ್ಟಿತು. ಮುದ್ರೆ ನೋಡಿ ನಂಬುವವರಿಗೆ ಮುದ್ರೆಯನ್ನೇ ಮಾರುತ್ತಾರೆ.

ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಕೈಗೆ ಸಿಗುವ ಒಂದು ಅಳತೆಗೋಲು ಇದೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಜಾಹೀರಾತಿಗೋ ಧಾರಾವಾಹಿಗೋ ಬಳಸುವ ನಿರ್ಮಾಪಕ ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆಯಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಗಳಿಕೆಯ ಕನಿಷ್ಠ 20% ಮಗುವಿನ ಹೆಸರಿನಲ್ಲಿ ಠೇವಣಿಯಾಗಬೇಕು. ನಿಮ್ಮ ಮಗುವಿಗೆ ಬಿಸ್ಕತ್ ಜಾಹೀರಾತು ಕೊಡಿಸುತ್ತೇನೆ ಎಂದವನನ್ನು ಈ ಅನುಮತಿಯ ಬಗ್ಗೆ ಒಮ್ಮೆ ಕೇಳಿ, ಮುಖ ನೋಡಿ.

ಇನ್ನು ನಮ್ಮವರ ಮಾತು. 'ಆಕಿ ಯಾಕ ಹೋಗಬೇಕಾಗಿತ್ತು?' ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಹೂ ಏರಿಸುವ ನಾವು, ಇಪ್ಪತ್ತು ವರ್ಷದ ಹುಡುಗಿ ಹುಬ್ಬಳ್ಳಿಗೆ ಕೆಲಸ ಕೇಳಲು ಹೋದದ್ದನ್ನೇ ಅಪರಾಧ ಮಾಡುತ್ತೇವೆ. ಚಿಕ್ಕಪ್ಪ ಪೊಲೀಸರ ಬಳಿ ಹೋಗಲಿಲ್ಲ, ಮಗಳ ಮದುವೆ ಆಗಬೇಕಲ್ಲ ಎಂದರು. ಈ ಮರ್ಯಾದೆಯ ಅಂಜಿಕೆಯೇ ಅಂಥ ಅಂಗಡಿಗಳ ನಿಜವಾದ ಬಂಡವಾಳ. ಕ್ಯಾಮೆರಾ ಬಾಡಿಗೆಗೆ ತಂದದ್ದು, ಹಾಲ್ ಬಾಡಿಗೆಗೆ ಹಿಡಿದದ್ದು, ಅಂಜಿಕೆ ಮಾತ್ರ ನಾವು ಪುಕ್ಕಟೆ ಕೊಟ್ಟದ್ದು.

ಕ್ಯಾಲಿಫೋರ್ನಿಯಾ 2009ರಲ್ಲಿ ಕಾನೂನು ಮಾಡಿ, ಕೆಲಸ ಕೊಡಿಸುತ್ತೇವೆಂದು ಕಲಾವಿದರಿಂದ ಮುಂಗಡ ಶುಲ್ಕ ಪಡೆಯುವುದನ್ನೇ ನಿಷೇಧಿಸಿತು. ಅಸಲಿ ನಕಲಿ ಗುರುತಿಸುವ ಹೊರೆಯನ್ನು ಹುಡುಗಿಯ ತಲೆ ಮೇಲೆ ಇಡಲಿಲ್ಲ. ಅಷ್ಟು ಸಾಲಿನ ಕಾನೂನು ನಮ್ಮ ವಿಧಾನಸಭೆಗೂ ಭಾರವಾಗಲಾರದು. ಅಲ್ಲಿಯವರೆಗೆ ಇರುವುದು ಹಳೆಯ 420ರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ಆನ್‌ಲೈನ್ ವಂಚನೆಗೆ 1930 ಸಹಾಯವಾಣಿ, ಮತ್ತೆ ಗ್ರಾಹಕರ ಆಯೋಗ. 2019ರ ಗ್ರಾಹಕ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಏಜೆನ್ಸಿ ಮುಂಬೈಯದಾದರೂ ಬೈಲಹೊಂಗಲದವರಿಗೆ ಬೆಳಗಾವಿ ಸಾಕು, ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಬೇಕಿರುವುದು ಪುರಾವೆ. ಆದ್ದರಿಂದ ಕೆಲಸ ಕೊಡಿಸುತ್ತೇವೆ ಎಂದು ಫೋನಿನಲ್ಲಿ ಹೇಳಿದವರಿಗೆ, ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸ್ರಿ ಎನ್ನಿ.