ಜಾತ್ರೆ ಮುಗಿದ ಮೇಲಿನ ಭೀಮೆ

ಗಾಣಗಾಪುರಕ್ಕೆ ಹೋಗುವವರು ಬಹುಮಟ್ಟಿಗೆ ಹುಣ್ಣಿಮೆಯನ್ನು ನೋಡಿ ಹೋಗುತ್ತಾರೆ. ಮಾರ್ಗಶಿರದ ದತ್ತ ಜಯಂತಿಯಂದಂತೂ ಭೀಮಾ-ಅಮರಜಾ ಸಂಗಮದಲ್ಲಿ ನೀರಿಗಿಂತ ತಲೆಗಳೇ ಹೆಚ್ಚು. ಮಿಂದವರು ಒದ್ದೆ ಬಟ್ಟೆ ಹಿಂಡಿಕೊಂಡು ಗುಡಿಯ ಕಡೆಗೆ ಓಡುವರು. ಗುಡಿಯಿಂದ ಹೊರಟವರು ಬಸ್ಸಿನ ಕಡೆಗೆ ಓಡುವರು. ಹೊಳೆಯಲ್ಲಿ ಮಿಂದವರೆಲ್ಲರೂ ಹೊಳೆಯನ್ನು ನೋಡಿ ಬಂದರೆಂದು ಹೇಳುವಂತಿಲ್ಲ.

ಹೊಳೆಯನ್ನು ನೋಡಬೇಕಾದರೆ ಜಾತ್ರೆ ಮುಗಿಯಬೇಕು. ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿಯಾಯಿತು. ಸಜ್ಜೆಯ ಕಡುಬಿನ ರುಚಿ ಇನ್ನೂ ನಾಲಿಗೆಯ ಮೇಲಿದೆ. ಸಂಕ್ರಾಂತಿಗೆ ಮೀಯುವವರು ಬರುವುದಕ್ಕೆ ಇನ್ನೂ ಕೆಲವು ದಿನಗಳಿವೆ. ಧನುರ್ಮಾಸವಾದುದರಿಂದ ಮದುವೆ ಮುಂಜಿಗಳ ಕರೆಯೋಲೆಯೂ ಇಲ್ಲ. ಯಾರೂ ಯಾವ ಊರಿಗೂ ಹೋಗಲೇಬೇಕೆಂಬ ನಿರ್ಬಂಧವಿಲ್ಲದ ಈ ನಡುವಣ ದಿನಗಳೇ ಗೆಳೆಯರು ಕೂಡಿ ಹೊಳೆಯ ದಂಡೆಯಲ್ಲಿ ಗುಡಾರ ಹಾಕುವುದಕ್ಕೆ ಪ್ರಶಸ್ತವಾದ ಕಾಲ.

ಆಳಂದ, ಅಫಜಲಪುರ, ಜೇವರ್ಗಿ ಎಂದರೆ ವಿಹಾರದ ಊರುಗಳೆಂದು ಯಾರಿಗೂ ತೋರದು. ಬಿಸಿಲು, ಕರಿ ಮಣ್ಣು, ತೊಗರಿ, ಇಷ್ಟೇ ಅವುಗಳ ಹೆಸರಿಗೆ ಅಂಟಿಕೊಂಡಿರುವ ಚಿತ್ರ. ಬೇಸಿಗೆಯಲ್ಲಿ ಉಷ್ಣತೆ 40 ಅಂಶವನ್ನು ದಾಟುವ ಸೀಮೆಯಿದು. ಆದರೆ ಇದೇ ಸೀಮೆಯಲ್ಲಿ ಪುಷ್ಯದ ರಾತ್ರಿ ಕಂಬಳಿಯನ್ನು ಬೇಡುತ್ತದೆ. ಮಳೆಗಾಲದಲ್ಲಿ ಕಾಲನ್ನು ಹಿಡಿದು ಬಿಡದ ಎರೆಮಣ್ಣು ಆಗ ಒಣಗಿ, ಗುಡಾರದ ಗೂಟಕ್ಕೆ ಗಟ್ಟಿಯಾದ ನೆಲೆಯಾಗಿರುತ್ತದೆ. ಹೊಲದಲ್ಲಿ ಹಿಂಗಾರಿ ಜೋಳ ಹಾಲುಗಾಳಿಗೆ ಬಂದಿರುತ್ತದೆ. ಆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಉಜ್ಜಿ ಉದುರಿಸಿದ ಸೀತನಿಯನ್ನು ಶೇಂಗಾ ಹಿಂಡಿಯೊಡನೆ ತಿಂದವನು ಪಟ್ಟಣದ ಫಲಾಹಾರ ಮಂದಿರವನ್ನು ಎರಡು ದಿನ ಮರೆತಿರಬಲ್ಲನು.

ನೀರಿಗೇನೂ ಕೊರತೆಯಿಲ್ಲ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, 861 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುವ ಭೀಮೆ ಅಫಜಲಪುರ, ಜೇವರ್ಗಿಗಳ ಅಂಚನ್ನು ಬಳಸಿಕೊಂಡು ಸಾಗುತ್ತದೆ. ಆಳಂದದ ಅಮರಜೆಗೆ ಕೊರಳ್ಳಿಯ ಬಳಿ ಅಣೆಕಟ್ಟೆಯಿದೆ. ಸೊನ್ನದ ಬ್ಯಾರೇಜಿನ ಹಿಂದೆ ಭೀಮೆಯೂ ನಿಂತು ಉಸಿರಾಡುತ್ತದೆ. ಹೊಳೆಯ ಕೆಳಗೆ ಕೆಳಗೆ ಹೋದಂತೆ ಸನ್ನತಿ ಬರುತ್ತದೆ. ಅಲ್ಲಿನ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು 1986ರಲ್ಲಿ ತಿಳಿದುಬಂದಿತು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಸಹಿತ ಅಶೋಕನ ಶಿಲ್ಪವೇ ದೊರೆಯಿತು. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಈ ದಂಡೆಯನ್ನು ಜನ ಮೆಚ್ಚಿ ಬಂದಿದ್ದರೆಂದಾಯಿತು.

ಇನ್ನು ದೋಣಿಯ ಮಾತು. ಈಚೆಗೆ ತರುಣರು ಕಯಾಕ್ ಎಂಬ ಕಿರುದೋಣಿಯ ಹುಚ್ಚು ಹಿಡಿಸಿಕೊಂಡಿದ್ದಾರೆ. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರು ಕಟ್ಟಿಗೆಯ ಇಲ್ಲವೆ ಎಲುಬಿನ ಹಂದರಕ್ಕೆ ಸೀಲ್ ಮೃಗದ ತೊಗಲನ್ನು ಹೊದಿಸಿ ಬೇಟೆಗಾಗಿ ಮಾಡಿಕೊಂಡ ದೋಣಿಯದು. ಆದರೆ ಹಂದರಕ್ಕೆ ತೊಗಲು ಹೊದಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಆ ದೋಣಿಗಳು ನೆಟ್ಟಗೆ ಹೋಗದೆ ತಿರುಗುತ್ತಲೇ ಇರುವುದನ್ನೂ ಅವನು ಗಮನಿಸಿದನು. ಅದೇ ಹರಿಗೋಲು. ತೊಗಲಿನ ಸ್ಥಾನಕ್ಕೆ ಈಗ ಡಾಂಬರು, ಪ್ಲಾಸ್ಟಿಕ್ ಹಾಳೆ ಬಂದಿವೆ. ತಿರುಗುವ ಗುಣ ಮಾತ್ರ ಹೋಗಿಲ್ಲ.

ಕಯಾಕಿನಲ್ಲಿ ಕುಳಿತವನಿಗೆ ಒಂದು ದಿಕ್ಕು, ಒಂದು ಗುರಿ. ಅವನ ಮುಖ ಮುಂದಕ್ಕೆ, ಗೆಳೆಯನ ದೋಣಿ ಹಿಂದಕ್ಕೆ. ಹರಿಗೋಲಿನಲ್ಲಿ ಹಾಗಲ್ಲ. ಎಲ್ಲರೂ ಒಂದೇ ಬುಟ್ಟಿಯಲ್ಲಿ, ಮುಖಕ್ಕೆ ಮುಖ ಕೊಟ್ಟು ಕುಳಿತಿರಬೇಕು. ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುವ ಹದ ತಿಳಿಯದ ಹೊಸಬನು ಅರ್ಧ ತಾಸು ಇದ್ದಲ್ಲಿಯೇ ಬುಗುರಿಯಾಡಿಸುವನು. ಆದರೆ ಎಲ್ಲಿಗೂ ಮುಟ್ಟದ ಆ ಅರ್ಧ ತಾಸಿನಲ್ಲಿ ಹತ್ತು ವರ್ಷಗಳ ನಗೆ ಒಟ್ಟಿಗೆ ಬಂದು ಹೋಗುತ್ತದೆ.

ಆ ನಗೆಯ ಬೆಲೆ ಅಲ್ಪವಲ್ಲ. ಈ ಮೂರು ತಾಲ್ಲೂಕುಗಳಿಂದ ದುಡಿಮೆಗಾಗಿ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಹೋದವರು ಮನೆಗೊಬ್ಬರೆಂಬಂತಿದ್ದಾರೆ. ಅವರು ಊರಿಗೆ ಬರುವುದು ಜಾತ್ರೆಗೆ, ಮದುವೆಗೆ, ಇಲ್ಲವೆ ಮಣ್ಣಿಗೆ. ಮೂರರಲ್ಲಿಯೂ ಗೆಳೆಯರು ಎದುರಾಗುತ್ತಾರೆಯೇ ಹೊರತು ಕುಳಿತು ಮಾತನಾಡುವುದಿಲ್ಲ. ಯಾವ ನೆಪವೂ ಇಲ್ಲದೆ ಬಂದ ಗೆಳೆಯನಿಗೆ ಮಾತ್ರ, ಬೆಂಕಿಯ ಮುಂದೆ ಕುಳಿತು ತನ್ನ ಸಾಲವನ್ನೋ ಮಗನ ಚಿಂತೆಯನ್ನೋ ಹೇಳಿಕೊಳ್ಳುವಷ್ಟು ಇರುಳು ದೊರೆಯುತ್ತದೆ. ಅಮಾವಾಸ್ಯೆ ಕಳೆದ ಎಳೆಚಂದ್ರನು ಬೇಗನೆ ಮುಳುಗುವನು. ಕೃತ್ತಿಕೆ, ಮೃಗಶಿರಗಳು ತಲೆಯ ಮೇಲೆ ಬರುವ ಹೊತ್ತಿಗೆ ಕಡಕ್ ರೊಟ್ಟಿಯ ಗಂಟೂ ಬರಿದಾಗಿರುತ್ತದೆ, ಮನಸ್ಸಿನ ಗಂಟೂ ಸಡಿಲಾಗಿರುತ್ತದೆ.

ಆದರೆ ಹೊಳೆಯನ್ನು ನಂಬುವುದಕ್ಕೂ ಒಂದು ಮಿತಿಯಿರಬೇಕು. ಮರಳು ಮೆತ್ತಗಿದೆಯೆಂದು ಪಾತ್ರದೊಳಗೇ ಹಾಸಿಗೆ ಬಿಚ್ಚುವುದು ಬುದ್ಧಿವಂತಿಕೆಯಲ್ಲ. 1980ರಲ್ಲಿ ಉಜನಿಯ ಅಣೆಕಟ್ಟೆ ಮುಗಿದಂದಿನಿಂದ ಭೀಮೆ ಮೋಡವನ್ನು ಮಾತ್ರವಲ್ಲದೆ ಬಾಗಿಲುಗಳನ್ನೂ ಕೇಳಿ ಹರಿಯುತ್ತದೆ. ಮೇಲೆಲ್ಲೋ ಬಾಗಿಲು ತೆರೆದರೆ ಇಲ್ಲಿ ತಿಳಿಗಾಳಿಯ ರಾತ್ರಿಯಲ್ಲಿಯೂ ನೀರು ಏರಬಹುದು. 2020ರ ಅಕ್ಟೋಬರಿನ ಮಹಾಪೂರದಲ್ಲಿ ದಂಡೆಯ ಹಳ್ಳಿಗಳೇ ನೀರಾದವು. ಆದುದರಿಂದ ಗುಡಾರವು ದಂಡೆಯ ಮೇಲಣ ಹೊಲದ ಬದುವಿನಲ್ಲಿ, ಹೊಲದ ಒಡೆಯನ ಒಪ್ಪಿಗೆಯೊಡನೆ ಇರತಕ್ಕದ್ದು. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಆಳುದ್ದವಾಗಬಹುದು. ಕೃಷ್ಣೆ, ಭೀಮೆಗಳಲ್ಲಿ ಮೊಸಳೆಗಳೂ ಉಂಟು. ಹರಿಗೋಲಿಗೆ ಆ ಮಡುವನ್ನು ಬಲ್ಲ ಅಂಬಿಗನೇ ಬೇಕು. ಈಜು ಬಲ್ಲವನಿಗೂ ತೇಲುಗವಸು ಬೇಕು. ಅಂಬಿಗನು ಬೇಡವೆಂದ ಹೊತ್ತಿನಲ್ಲಿ ನೀರಿಗಿಳಿಯದಿರುವುದೇ ಲೇಸು.

ಮೂರನೆಯ ಬೆಳಗ್ಗೆ ಬೆಂಕಿಗೆ ನೀರು ಹೊಯ್ದು, ಕಸವನ್ನೆಲ್ಲ ಚೀಲಕ್ಕೆ ತುಂಬಿ ಹೊರಡುವಾಗ ಯಾರಿಗೂ ಅವಸರವಿರುವುದಿಲ್ಲ. ನಗರದಿಂದ ಬಂದವನು ಹೊಳೆಯನ್ನು ತಿರುಗಿ ನೋಡಿ, ಇಂಥ ನೀರಿರುವಾಗ ಊರವರಿಗೇನು ಕಷ್ಟವೆಂದು ಕೇಳಿಯೇ ಕೇಳುವನು. ಊರಲ್ಲಿಯೇ ಉಳಿದ ಗೆಳೆಯನ ಬಳಿ ಅದಕ್ಕೆ ಉತ್ತರ ಸಿದ್ಧವಾಗಿರುತ್ತದೆ: “ಬ್ಯಾಸಿಗ್ಯಾಗ ಒಮ್ಮೆ ಬಾರಪಾ, ಈ ಹೊಳಿ ಎಷ್ಟ ಉಳದದ ನೋಡಕಂತ ಹೋಗು.”

ಆ ಮಾತಿನಲ್ಲಿ ವಿನೋದ ಅರ್ಧ, ನಿಜ ಅರ್ಧ. ಬೇಸಿಗೆ ಬಂದಿತೆಂದರೆ ಉಜನಿಯಿಂದ ನೀರು ಬಿಡಿಸಿರೆಂಬ ಕೂಗು ಅಫಜಲಪುರದ ದಂಡೆಯಲ್ಲಿ ಏಳುತ್ತದೆ. ಪುಷ್ಯದಲ್ಲಿ ಹರಿಗೋಲು ತಿರುಗಿದ ಮಡುವಿನಲ್ಲಿ ಚೈತ್ರದ ಹೊತ್ತಿಗೆ ದನಗಳು ನೀರನ್ನರಸಿ ನಡೆಯುತ್ತವೆ. ನಗರದ ಗೆಳೆಯನು ಆಗಲೂ ಒಮ್ಮೆ ಬಂದಾನೆಯೇ? ಬಂದರೆ ಹೊಳೆಯನ್ನಷ್ಟೇ ಅಲ್ಲ, ಅದರ ದಂಡೆಯಲ್ಲಿ ಉಳಿದವನನ್ನೂ ಪೂರ್ತಿಯಾಗಿ ನೋಡಿದಂತಾಗುವುದು.